ಇಬ್ಬರು ಹೊಸ ಜಡ್ಜುಗಳು

"ಸಾಕು ನಿಲ್ಸಿ ಜಯರಾಮ್, ನನ್ನ ಮೊಸರನ್ನ ಕಾಯ್ತಾ ಇದೆ," ಎಂದು ಕನ್ನಡದಲ್ಲೇ ಹೇಳಿ ರಮಾ ಆಫೀಸಿನ ಫೋನು ಇಟ್ಟಳು.

ಫೋನಿನಲ್ಲಿ ಬಂದದ್ದು ಕುಟುಂಬ ನ್ಯಾಯಾಲಯದ ಗುಮಾಸ್ತೆ ಡೊಲೊರೆಸಳ ದನಿ. ಶಾಸನಸಭೆ ನಮ್ಮ ಕೌಂಟಿಗೆ, ಅಂದರೆ ಈ ಜಿಲ್ಲೆಗೆ, ಕೊಟ್ಟ ಇಬ್ಬರು ಹೊಸ ಜಡ್ಜುಗಳು ಬಂದಿದ್ದಾರೆ, ನಿಮ್ಮ ಅರ್ಜಿ ಮಂಗಳವಾರ ಎಂಟೂವರೆಗೆ, ಇವತ್ತು ಐದರೊಳಗೆ ಒಪ್ಪಿಗೆ ಹೇಳದಿದ್ದರೆ ಆ ಹೊತ್ತು ಬೇರೆಯವರಿಗೆ ಹೋಗುತ್ತದೆ ಎಂದಿತ್ತು ಅದು.

ಆದರೆ ಆ ದನಿಯನ್ನು ಎದುರು ಅಪಾರ್ಟ್‌ಮೆಂಟಿನ ಜಯರಾಮನೂ ಥೇಟು ಹಾಗೇ ಅಣಕಿಸಬಲ್ಲವನಾಗಿದ್ದ. ರಮಾಳ ಆನ್ಸರಿಂಗ್ ಮೆಷಿನ್ನಿನಲ್ಲಿ ಕೇಳಿ ಕೇಳಿ ಕಲಿತಿದ್ದ. ಮೂಗಿನಲ್ಲಿ ಮಾತಾಡಿ, ಕಾಗದ ಮಗುಚುವ ಸದ್ದನ್ನೂ ಬಾಯಲ್ಲೇ ಹೊರಡಿಸಿ, "ಮ್ಯಾಮ್, ನಿಮ್ಮ ಕೇಸು ಮುಂದಕ್ಕೆ ಹೋಗಿದೆ" ಅಂದರೆ ರಮಾಳ ಆರು ವರ್ಷದ ಮಗಳು ನಿಸರ್ಗಾ ಬಿದ್ದುಬಿದ್ದು ನಗುತ್ತಿದ್ದಳು. ಹೊಸ ಜಡ್ಜುಗಳ ಮಸೂದೆಗೆ ಗವರ್ನರ್ ಸಹಿ ಬಿದ್ದ ವಾರ ಇದೇ ಸುದ್ದಿ ಇದೇ ದನಿಯಲ್ಲಿ ಹೇಳಿ ರಮಾಳಿಂದ ಒಂದು ದಿನದ ರಜೆಯನ್ನೂ ಹಾಕಿಸಿದ್ದ.

ವಿಚ್ಛೇದನದ ಆದೇಶದಂತೆ, ಜಡ್ಜು ಹೂಂ ಅನ್ನದೆ ಮಗಳನ್ನು ದೇಶದಾಚೆ ಕರೆದೊಯ್ಯುವಂತಿರಲಿಲ್ಲ. ಮಾಜಿ ಗಂಡ ಅನುರಾಗ್ ಒಪ್ಪಿ ಸಹಿ ಹಾಕಿದ್ದ. ಆದರೆ ಇದ್ದಷ್ಟು ಜಡ್ಜುಗಳ ಮುಂದೆ ಫೈಲಿನ ಬೆಟ್ಟ. ರಮಾಳ ಅರ್ಜಿಯ ದಿನ ನಾಲ್ಕು ಸಲ ಮುಂದೆ ಬಿದ್ದಿತ್ತು. ಹಾಸನದಲ್ಲಿ ಅಮ್ಮ ಭದ್ರಮ್ಮನ ಒಂದು ಕಣ್ಣು ಹೋಗಿ, ಇನ್ನೊಂದು ಮಂಜಾಗುತ್ತಿತ್ತು. "ಮಗೀನ ಮಖ ಒಂದ್ಸಲ ತೋರ್ಸ್‌ಬುಡವ್ವ, ಆಮೇಲೆ ಕತ್ಲಾದ್ರೂ ಆಗ್ಲಿ," ಎನ್ನುತ್ತಿದ್ದಳು.

ಸಂಜೆ ಡೇಕೇರಿನಿಂದ ಮಗಳನ್ನು ಕರೆತರುವಾಗ ಒಗೆದ ಬಟ್ಟೆಯ ಬುಟ್ಟಿ ಹಿಡಿದ ಜಯರಾಮ್ ಮೆಟ್ಟಿಲಲ್ಲಿ ಸಿಕ್ಕ.

"ಪೇಪರ್ ಸೌಂಡು ಇವತ್ತು ಸೂಪರ್ ಆಗಿತ್ತು ಕಣ್ರೀ," ಎಂದಳು ರಮಾ.

"ಯಾವ ಸೌಂಡು?"

"ಮಧ್ಯಾಹ್ನ ಫೋನ್ ಮಾಡಿದ್ರಲ್ಲ. ಹೊಸ ಜಡ್ಜು, ಮಂಗಳವಾರ, ಐದರೊಳಗೆ ಅಂತ."

ಜಯರಾಮನ ಮುಖ ಇಳಿಯಿತು. "ರಮಾ ಅವ್ರೇ, ನಮ್ಮಮ್ಮನಾಣೆ, ನಾನು ಬೆಳಗ್ಗಿಂದ ಎರಡು ಗಂಟೇವರೆಗೂ ಸಾಂಟಾ ಕ್ಲಾರಾದಲ್ಲಿ ಮೀಟಿಂಗಲ್ಲಿದ್ದೆ."

ಗಡಿಯಾರದಲ್ಲಿ ನಾಲ್ಕು ನಲವತ್ತೈದು. ಅವಳು ಒಳಗೋಡಿ ಸ್ಪೀಕರ್ ಒತ್ತಿ ನಂಬರು ತಿರುಗಿಸಿದಳು. ಎಂಗೇಜು. ಮತ್ತೆ ಎಂಗೇಜು. ಬುಟ್ಟಿಯನ್ನು ಅವುಚಿಕೊಂಡೇ ಹಿಂದೆ ಬಂದ ಜಯರಾಮ್ ಬಾಗಿಲಲ್ಲಿ ನಿಂತಿದ್ದ. ಐದಕ್ಕೆ ನಾಲ್ಕು ನಿಮಿಷವಿರುವಾಗ ಡೊಲೊರೆಸ್ ಸಿಕ್ಕಳು. ರಮಾ ತೊದಲುತ್ತ ಎಲ್ಲ ಹೇಳಿದಳು: ಎದುರುಮನೆಯವರು ನಿಮ್ಮ ದನಿ ಅಣಕಿಸುತ್ತಾರೆ, ಅವರೇ ಅಂದುಕೊಂಡೆ, ಕ್ಷಮಿಸಿ.

ಆ ಕಡೆ ಕಾಗದ ಮಗುಚುವ ಸದ್ದು.

"ಆ ಮನುಷ್ಯ ಅಲ್ಲೇ ಇದ್ದಾರಾ?"

"ಇದ್ದಾರೆ, ಮ್ಯಾಮ್."

ಸ್ಪೀಕರಿನಿಂದ ಮಧ್ಯಾಹ್ನದ ರಮಾಳದೇ ರಾಗ ಬಂತು, ಅದೇ ಬೇಸರ, ಅದೇ ನಿಟ್ಟುಸಿರು: "ಸಾಕ್ಕು ನಿಲ್ಸೀ, ಜಾಯರಾಮ್."

ಆಮೇಲೆ ಡೊಲೊರೆಸ್ ತನ್ನದೇ ಮೂಗಿನ ದನಿಯಲ್ಲಿ, "ಈ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕೂತಿದ್ದೀನಿ. ಯಾರ ಮಾತು ಬೇಕಾದರೂ ಬರುತ್ತೆ ಅಂತ ಅವರಿಗೆ ಹೇಳಿ. ಮಂಗಳವಾರ ಎಂಟೂವರೆ. ನಿಮ್ಮ ಹೆಸರು ಬರೆದುಕೊಂಡೆ."

ಮೊದಲು ನಕ್ಕದ್ದು ನಿಸರ್ಗಾ, ಆಮೇಲೆ ಹೆದರುತ್ತ ಜಯರಾಮ್. ಕೊನೆಗೆ ರಮಾ ನೆಲದ ಮೇಲೆ ಕೂತು, ಅವರಿಬ್ಬರ ನಗುವೂ ಮುಳುಗಿಹೋಗುವಷ್ಟು ಜೋರಾಗಿ ನಕ್ಕಳು.

"ಅಮ್ಮಾ, ಆರ್ ಯೂ ಕ್ರೈಯಿಂಗ್?"

ಇಲ್ಲವೆಂದು ತಲೆಯಾಡಿಸಿ, ಬುಟ್ಟಿಗೆ ಕೈಹಾಕಿ, ಸಿಕ್ಕ ಜಯರಾಮನ ಕಾಲುಚೀಲದಲ್ಲಿ ಕಣ್ಣೊರೆಸಿಕೊಂಡಳು.