ಹಗ್ಗದ ಉಣ್ಣೆ

ಗ್ಯಾಸಿನ ನೀಲಿ ಉರಿ ಮೋಟಾಗುತ್ತ ಬಂತು, ಮೀಟರಿನ ಸೀಳಿಗೆ ಇನ್ನೊಂದು ಪೆನ್ನಿ ಹಾಕಬೇಕು, ಪೆನ್ನಿ ಎಂದರೆ ಆಣೆಗೆ ಒಂಚೂರು ಕಡಿಮೆ, ಒಂದು ಆಣೆಗೆ ಹುಕ್ಕೇರಿ ಸಂತೆಯಲ್ಲಿ ಮಡಿಲು ತುಂಬ ಬದನೆಕಾಯಿ ಬರುತ್ತಿತ್ತು, ಇಲ್ಲಿ ಅರ್ಧ ತಾಸಿನ ಬೆಂಕಿ ಬರುತ್ತದೆ, ಅದೂ ಚಾಚಿದ ಕೈಗೆ ಮಾತ್ರ, ಬೆನ್ನಿಗಿಲ್ಲ. ಸತ್ತೆಪ್ಪ ಎಲ್ಲವನ್ನೂ ಕುರಿಯ ಲೆಕ್ಕಕ್ಕೆ ತಿರುಗಿಸಿ ನೋಡುತ್ತಾನೆ, ಹಾಗೆ ನೋಡಿದರೇ ಅವನಿಗೆ ತಿಳಿಯುವುದು — ಹಡಗಿಗೆ ಐವತ್ತೆರಡು ಕುರಿ, ಈ ಕರಿ ಕೋಟಿಗೆ ಐದು, ಈ ಕೋಣೆಗೂ ಮನೆಯೊಡತಿ ಮಿಸೆಸ್ ಹಾಲ್ರಾಯ್ಡಳು ಹಾಕುವ ಊಟಕ್ಕೂ ಸೇರಿ ವಾರಕ್ಕೆ ಎರಡು. ಓದಿನ ಫೀ ಮುಂಬೈ ಸರಕಾರದ್ದು, ಉಳಿದದ್ದೆಲ್ಲ ಹನ್ನೊಂದು ಹಟ್ಟಿಯವರು ತಮ್ಮ ತಮ್ಮ ಹಿಂಡಿನಿಂದ ಎಳೆದು ಕೊಟ್ಟ ಕುರಿ. ಉಣ್ಣೆಯ ವಿದ್ಯೆ ಕಲಿಯಲೆಂದು ಇಂಗ್ಲೆಂಡಿನ ಲೀಡ್ಸಿಗೆ ಬಂದು ಐದು ವಾರ, ಹತ್ತು ಕುರಿ ತಿಂದಾಯಿತು. ಗೋಡೆಯ ಮೇಲೆ ಕಲ್ಲಿದ್ದಲ ವ್ಯಾಪಾರಿ ಕೊಟ್ಟ ಕ್ಯಾಲೆಂಡರು, ಸಾವಿರದ ಒಂಬೈನೂರ ಇಪ್ಪತ್ತೇಳು, ಅಕ್ಟೋಬರು, ಶನಿವಾರ, ಮಧ್ಯಾಹ್ನ ಮೂರಕ್ಕೇ ಕಿಟಕಿಯಲ್ಲಿ ಮಬ್ಬು. ಬಲಗೈ ಮತ್ತೆ ಕೊರಳಿಗೆ ಹೋಯಿತು, ಬೇಡವೆಂದರೂ ಹೋಗುತ್ತದೆ. ಎಡಗಡೆ, ಕಿವಿಯಿಂದ ನಾಲ್ಕು ಬೆರಳು ಕೆಳಗೆ, ಕಾಲರಿನ ಅಂಚಿಗೆ — ಇದೆ, ಅಲ್ಲೇ ಇದೆ, ನಿನ್ನೆಗಿಂತ ದಪ್ಪ, ನಡುವೆ ಸಣ್ಣ ತಗ್ಗು. ಒತ್ತಿದ. ನೋಯಲಿಲ್ಲ. ನೋಯಲಿ, ಬೀರಪ್ಪಾ, ಒಂದಿಷ್ಟು ನೋಯಿಸು, ಜಾಲಿಮುಳ್ಳು ಮುರಿದ ಹಾಗೆ ನೋಯಿಸು, ಯಾಕೆಂದರೆ ಮಂಗಳವಾರ ಪ್ರೊಫೆಸರರು ಬಣ್ಣದ ಚಿತ್ರ ತೂಗುಹಾಕಿ ಹೇಳಿದ್ದು ಅದೇ, ನೋಯುವ ಹುಣ್ಣಿಗೆ ನಾನು ಅಂಜುವುದಿಲ್ಲ ಮಹನೀಯರೇ, ತುರಿಸುವ, ನೋಯದ, ನಡುವೆ ತಗ್ಗಾಗಿ ಕಪ್ಪಾಗುವ ಹುಣ್ಣಿಗೆ ಅಂಜಿರಿ, ಇದು ಉಣ್ಣೆ ಮುಟ್ಟುವವರ ಕಾಯಿಲೆ, ಆಂಥ್ರಾಕ್ಸು, ಹೊರದೇಶದ ಉಣ್ಣೆಯಿಂದ ಬರುತ್ತದೆ, ಸತ್ತ ಕುರಿಯ ಮೈಯಿಂದ ತೆಗೆದ ಉಣ್ಣೆಯಿಂದ ಬರುತ್ತದೆ. ಬುಧವಾರ ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಅದು ಕೂತಿತ್ತು. ಚಿತ್ರ ನೋಡಿದ್ದಕ್ಕೇ ಬಂತೋ ಎಂಬಂತೆ.

ಸತ್ತ ಕುರಿಯ ಉಣ್ಣೆ. ಹಾಸಿಗೆಯ ಮೇಲೆ ಮಡಿಸಿಟ್ಟ ಕಂಬಳಿಯ ಕಡೆ ಅವನು ನೋಡಲಿಲ್ಲ, ನೋಡದಿದ್ದರೂ ಅದರ ವಾಸನೆ ಬರುತ್ತದೆ, ನೂಲಿಗೆ ಹಚ್ಚಿದ ಹುಣಸೆಬೀಜದ ಗಂಜಿ, ಹೊಗೆ, ಅವ್ವನ ಎಣ್ಣೆಗೈ. ಮೂರು ರಾತ್ರಿಯಿಂದ ಅದನ್ನು ಹೊದ್ದಿಲ್ಲ, ಕೋಟು ಹೊದ್ದು ನಡುಗಿದ್ದಾನೆ. ಚಿತ್ರದಲ್ಲಿದ್ದ ಕಾಯಿಲೆಗೆ ಇಂಗ್ಲಿಷಿನ ಹೆಸರು ಬರೆದಿದ್ದರೂ ಅವನು ಗುರುತು ಹಿಡಿದಿದ್ದ, ನೆರಡಿ, ಅದು ನೆರಡಿಯೇ, ಧುಪದಾಳದ ಒಡ್ಡಿನ ಕೆಳಗೆ ಹಿಂಡು ಇಳಿಸಿದ್ದಾಗ ಹೋದ ವರ್ಷದ ಆಷಾಢದಲ್ಲಿ ಬಂದದ್ದು, ಹುಲ್ಲು ಮೇಯುತ್ತಿದ್ದ ಕುರಿ ಮೇಯುತ್ತಲೇ ಕುಸಿದದ್ದು, ಮೂಗಿನಿಂದ ಡಾಂಬರಿನಂಥ ರಕ್ತ, ಹೆಪ್ಪುಗಟ್ಟದ ರಕ್ತ. ಒಂದೇ ಮುಂಜಾನೆ ಏಳು. ಅಪ್ಪ ಶೆಟ್ಟೆಪ್ಪ ದೂರದಿಂದಲೇ ಕೂಗಿದ್ದ, ಯಾರೂ ಕೊಯ್ಯಬ್ಯಾಡ್ರಿ, ತಿನ್ನೂ ಮಾತಂತೂ ಬ್ಯಾಡ, ನೆರಡಿ ಬಡದೈತಿ, ತಗ್ಗ ತೋಡ್ರಿ. ಆದರೆ ಹೂಳುವ ಮೊದಲು ತಾನೇ ಕತ್ತರಿ ತಗೊಂಡು ಬೆನ್ನಿನ ಉಣ್ಣೆ ಕತ್ತರಿಸಿದ, ಕಳೆದುಕೊಂಡವನ ಕೈ ಅದು, ಏನಾದರೂ ಹಿಡಿಯಬೇಕು. ಉಣ್ಣಿ ಏನ ಪಾಪ ಮಾಡೇತಿ, ಹಗ್ಗಕ್ಕ ಆಕ್ಕೈತಿ. ಹಟ್ಟಿಯ ರೀತಿ ಇದು, ಯಾರು ಹಾಕಿದ್ದೋ ಗೊತ್ತಿಲ್ಲ, ಜೀವಂತ ಕುರಿಯ ಉಣ್ಣೆ ಹೊದಿಕೆಗೆ, ಸತ್ತ ಕುರಿಯದು ಹಗ್ಗಕ್ಕೆ, ಎರಡೂ ಒಂದು ಬುಟ್ಟಿಯಲ್ಲಿ ಕೂಡಬಾರದು. ಹಗ್ಗದ ಉಣ್ಣೆಯ ಬುಟ್ಟಿ ಬೇರೆ, ಅದು ತೊಲೆಗೆ ತೂಗುತ್ತದೆ, ಮಕ್ಕಳ ಕೈಗೆ ಸಿಗದ ಹಾಗೆ.

ಕಾಲೇಜು ಕಲಿತವನ ಕೈಗೆ ಸಿಕ್ಕಿತು. ಹಟ್ಟಿಯಲ್ಲಿ ಸೋಗೆಯ ಕೆಳಗೆ ಅಪ್ಪ ಮಗ್ಗಕ್ಕೆ ಕೂತು ಈ ಕಂಬಳಿ ನೇಯುತ್ತಿದ್ದ, ಹಡಗು ಹತ್ತಲು ತಿಂಗಳೊಪ್ಪತ್ತು ಉಳಿದಿತ್ತು, ಒಳ್ಳೆಯ ಉಣ್ಣೆಯೆಲ್ಲ ಕೋಟಿನ ದುಡ್ಡಿಗಾಗಿ ಗೋಕಾಕದ ವ್ಯಾಪಾರಿಗೆ ಹೋಗಿತ್ತು. ಏನಲೇ ಸತ್ಯಾ, ಇನ್ನ ಎರಡ ಬೊಗಸಿ ಉಣ್ಣಿ ಕಡಿಮಿ ಬಿದ್ದೈತಿ, ಹಿಂಗ ಬಿಟ್ರ ಕಾಲ ಹೊರಗ ಉಳೀತಾವ, ಅಲ್ಲಿ ಮಂದಿ ನೋಡಿ ಕೊಕ್ಕರಿ ಬಂದೈತಿ ಅಂತಾರ. ಅವ್ವ ಲಕ್ಕವ್ವ ನಕ್ಕಿದ್ದಳು, ಎಲ್ಲರೂ ನಕ್ಕಿದ್ದರು, ಅವನೂ. ಅಪ್ಪ ಹೇಳಿದ ಹಾಗೆ ಮೂಡಲಗಿ ಕಾಕಾನ ಹಟ್ಟಿಗೆ ಹೋಗಿ ಎರಡು ಬೊಗಸೆ ಬೇಡಿ ತರುವುದು ಎಷ್ಟು ಹೊತ್ತಿನ ಕೆಲಸ, ಒಂದು ದಿನ ಹೋಗಲು, ಒಂದು ದಿನ ಬರಲು, ಆದರೆ ಕೆಸರಿತ್ತು, ಬೇಸರವಿತ್ತು, ಧಾರವಾಡದಲ್ಲಿ ನಾಲ್ಕು ವರ್ಷ ವಿಜ್ಞಾನ ಓದಿದವನಿಗೆ ಹಗ್ಗದ ಉಣ್ಣೆ, ಹೊದಿಕೆಯ ಉಣ್ಣೆ ಎಂಬ ಭೇದ ಮುದುಕಿಯರ ಮಾತಾಗಿ ಕಂಡಿತ್ತು, ಉಣ್ಣೆ ಎಂದರೆ ಉಣ್ಣೆ. ಹಿಂಡು ಹೊರಟ ಮೇಲೆ ಏಣಿ ಹಾಕಿ ಬುಟ್ಟಿಗೆ ಕೈ ಹಾಕಿದ. ಎರಡು ದಿನ ಗೋಕಾಕದ ಗೆಳೆಯನ ಮನೆಯಲ್ಲಿ ಮಲಗಿ ಬಂದು ಉಣ್ಣೆ ಇಟ್ಟ. ಎಲ್ಲಿದೋ? ಕಾಕಾಂದು. ಏನಂದಾ ಕಾಕಾ? ಚಲೋ ಓದು ಅಂದಾ. ಸುಳ್ಳು ಎಷ್ಟು ಸಲೀಸಾಗಿ ಬಂತು, ಕಾಕಾನ ಆಶೀರ್ವಾದವನ್ನೂ ತಾನೇ ಮಾಡಿಕೊಂಡ. ಅವ್ವ ನೂಲುವಾಗ ಒಂದು ಸಲ ನಿಲ್ಲಿಸಿದಳು, ಬೆರಳ ಉಗುಳು ಒರೆಸಿ ಎಳೆ ನೋಡಿದಳು, ಈ ಉಣ್ಣಿ ಯಾಕೋ ನನ್ನ ಕೈಗೆ ಕೂಡವಲ್ದು ತಮ್ಮಾ. ಅವನು ಪುಸ್ತಕದಿಂದ ತಲೆ ಎತ್ತಲಿಲ್ಲ. ಅವ್ವನಿಗೆ ಏನೂ ಆಗಲಿಲ್ಲವಲ್ಲ, ನೂತ ಮೇಲೆ ತಿಂಗಳು ಗಟ್ಟಿಯಾಗಿ ಓಡಾಡಿದಳು, ಗೋಕಾಕ ರೋಡ್ ಸ್ಟೇಷನ್ನಿನ ತನಕ ಬಂದು ರೊಟ್ಟಿಗಂಟು ಕೊಟ್ಟಳು, ಅಂದ ಮೇಲೆ ಉಣ್ಣೆಯಲ್ಲಿ ಏನೂ ಇಲ್ಲ, ಏನೂ ಇಲ್ಲ — ಆದರೆ ಪ್ರೊಫೆಸರರು ಹೇಳಿದರು, ಆ ವಿಷ ಬೀಜದ ಹಾಗೆ ವರ್ಷಗಟ್ಟಲೆ ಕಾಯುತ್ತದೆ, ನೂರು ಜನರ ಕೈ ದಾಟಿ ಒಬ್ಬನ ಗೀರಿನೊಳಗೆ ಇಳಿಯುತ್ತದೆ. ಇಲ್ಲಿ ಏಳು ಸಮುದ್ರದ ಆಚೆ ಗಾಜಿನ ಕನ್ನಡಕದ ಪಂಡಿತ ಹೇಳಿದ್ದು ತೊಲೆಗೆ ತೂಗಿದ ಬುಟ್ಟಿ ಹೇಳಿದ್ದನ್ನೇ. ಓದಿದವನು ಬುಟ್ಟಿಯ ಮಾತು ಕೇಳಲಿಲ್ಲ.

ಹೇಳಿಬಿಟ್ಟರೆ? ಹೇಳಿದರೆ ಕಂಬಳಿ ಸುಡುತ್ತಾರೆ, ಇವನ ದೇಶದ ಉಣ್ಣೆಯಲ್ಲಿ ವಿಷ, ಇವನಲ್ಲೂ ವಿಷ ಅಂತಾರೆ, ಹಡಗು ಹತ್ತಿಸಿ ಕಳಿಸುತ್ತಾರೆ, ಹನ್ನೊಂದು ಹಟ್ಟಿಯವರ ಮುಂದೆ ಹೋಗಿ ನಿಲ್ಲುವುದು ಹ್ಯಾಗೆ, ನಿಮ್ಮ ಕುರಿ ನೀರಿಗೆ ಹೋದವು ಕಾಕಾ ಅಂತಲೇ? ಹೋದ ವಾರವಷ್ಟೇ ಕಣ್ಣಿಗೆ ಬಟ್ಟೆ ಕಟ್ಟಿ ಹನ್ನೆರಡು ತಟ್ಟೆ ಉಣ್ಣೆ ಮುಟ್ಟಿಸಿದಾಗ ಸತ್ತೆಪ್ಪ ಒಬ್ಬನೇ ಹನ್ನೆರಡನ್ನೂ ಸರಿಯಾಗಿ ದರ್ಜೆ ಹಚ್ಚಿದ, ಈ ಕೈ ಎಲ್ಲಿ ಕಲಿತದ್ದು ಎಂದು ಪ್ರೊಫೆಸರರು ಬೆರಳು ಹಿಡಿದು ನೋಡಿದರು, ಆ ಬೆರಳನ್ನು ಇನ್ನು ಯಾರು ಹಿಡಿಯುತ್ತಾರೆ? ಹೇಳದಿದ್ದರೆ ಮೂರು ದಿನ. ಮೂರೇ. ಇದು ಮಿಸೆಸ್ ಹಾಲ್ರಾಯ್ಡಳ ಲೆಕ್ಕ. ಅವಳು ಮಾತಿಗೊಮ್ಮೆ ಲವ್ ಎನ್ನುತ್ತಾಳೆ, ಮೊದಲ ದಿನ ಅವನ ಕಿವಿ ಕೆಂಪಾಗಿತ್ತು, ಈಗ ಅದು ಇಲ್ಲಿಯವರ ತಮ್ಮಾ ಎಂದು ತಿಳಿದಿದ್ದಾನೆ, ಅವಳ ಇಂಗ್ಲಿಷು ಅವನ ತಲೆಯೊಳಗೆ ಹುಕ್ಕೇರಿಯ ಮಾತಾಗಿಯೇ ಇಳಿಯುತ್ತದೆ. ಮೊದಲ ವಾರ ಚಹಾ ಬಗ್ಗಿಸುತ್ತ ಗೋಡೆಯ ಫೋಟೋ ತೋರಿಸಿದ್ದಳು, ಇವರ ನೋಡ ತಮ್ಮಾ, ನಮ್ಮ ಯಜಮಾನ್ರು, ಗಿರಣ್ಯಾಗ ಉಣ್ಣಿ ಆರಿಸತಿದ್ರ, ಸೋಮವಾರ ಒಂದು ಗುಳ್ಳಿ ಎದ್ದಿತ್ತ, ಮಾವಿನ ವಾಟಿ ಅಷ್ಟಲ್ಲ, ಹೆಸರಕಾಳಷ್ಟ, ಗುರುವಾರ ಹೆಣದ ಪೆಟಗಿ ತಂದ್ರ. ಮಾವಿನ ವಾಟೆ, ಹೆಸರುಕಾಳು ಅವಳು ಅಂದಿರಲಿಲ್ಲ, ಅವು ಅವನವೇ, ಆದರೆ ಸೋಮವಾರ, ಗುರುವಾರ ಅವಳವು. ಇವನದು ಬುಧವಾರ. ಬುಧ, ಗುರು, ಶುಕ್ರ, ಶನಿ. ಕೈ ಮತ್ತೆ ಕೊರಳಿಗೆ.

ಕೆಳಗೆ ಪಾತ್ರೆಯ ಸದ್ದು, ಅವಳು ಹಾಡಿಕೊಳ್ಳುತ್ತಿದ್ದಾಳೆ, ಬೇರೆ ಮನೆಯ ಬಾಡಿಗೆದಾರರಿಂದ ಕರಿಯರನ್ನು ಯಾಕೆ ಇಟ್ಟುಕೊಂಡಿದ್ದೀ ಎಂದು ಬೈಸಿಕೊಂಡವಳು, ಬೀದಿಯ ಹೆಂಗಸರಿಗೆ, ಅವ ಉಂಡ ತಾಟ ತಾನ ತೊಳೀತಾನ, ನಿಮ್ಮ ಗಂಡಂದಿರ ತೊಳೀತಾರೇನ, ಎಂದವಳು. ನಿನ್ನೆಯಲ್ಲ, ಅದರ ಹಿಂದಿನ ಶುಕ್ರವಾರ ಅವನು ಕಾಲೇಜಿನಿಂದ ಬಂದಾಗ ಅವಳು ಕಿಟಕಿಯ ಬೆಳಕಿಗೆ ಕೂತಿದ್ದಳು, ತೊಡೆಯ ಮೇಲೆ ಕಂಬಳಿ. ಅಂಚ ಬಿಚ್ಚಿತ್ತ ತಮ್ಮಾ, ನೀಲಿ ದಾರ ಇತ್ತ, ಹೊಲದೀನಿ, ಏನ ಬಿರಸ ಐತೋ ನಿಮ್ಮವ್ವನ ಉಣ್ಣಿ, ಸೂಜಿ ನನಗ ತಿರುಗಿ ಬಿತ್ತ ನೋಡ. ಬೆರಳ ತುದಿಗೆ ರಕ್ತದ ಒಂದು ಹನಿ. ಅವಳು ಅದನ್ನು ಚೀಪಿದಳು. ಆಗ ಅವನಿಗೆ ಏನೂ ಅನಿಸಿರಲಿಲ್ಲ, ಥ್ಯಾಂಕ್ಯೂ ಎಂದಿದ್ದ, ಚಿತ್ರ ತೂಗುಹಾಕಿದ ಮಂಗಳವಾರ ಇನ್ನೂ ಬಂದಿರಲಿಲ್ಲ. ಗಂಡನನ್ನು ಉಣ್ಣೆಗೆ ಕೊಟ್ಟವಳು. ತನ್ನದಾದರೆ ತನ್ನ ಪಾಪ, ತಾನು ಏಣಿ ಹತ್ತಿದವನು, ಅವಳು ಏನು ಹತ್ತಿದ್ದಳು, ನೀಲಿ ದಾರ ಇತ್ತು, ಹೊಲಿದಳು. ಗ್ಯಾಸು ಪುಸ್ ಎಂದು ಆರಿತು. ಪೆನ್ನಿ ಹಾಕಲಿಲ್ಲ, ಮೆಟ್ಟಿಲು ಇಳಿಯುತ್ತಿದ್ದಾನೆ, ಹದಿಮೂರು ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ತಿರುಗಬಹುದು, ಸೋಮವಾರ ಹೇಳಿದರಾಯಿತು, ಸೋಮವಾರ ಹೇಳಲು ಯಾರು ಉಳಿದಿರುತ್ತಾರೆ, ಅಡುಗೆಮನೆಯ ಬಾಗಿಲು, ಅವಳ ಹಿಟ್ಟಿನ ಕೈ, ಏನ ತಮ್ಮಾ, ಚಳಿಯೇನ? ಅವನು ಕಾಲರು ಬಿಚ್ಚಿದ.

ಅವಳು ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು. ದೀಪದ ಹತ್ತಿರ ಅವನ ಗದ್ದ ತಿರುಗಿಸಿ ನೋಡಿದಳು, ಬುಟ್ಟಿಯ ಕಥೆ ಪೂರ್ತಿ ಕೇಳಿದಳು, ಮುರುಕು ಇಂಗ್ಲಿಷಿನಲ್ಲಿ ಅವನು ಕುರಿ ಸತ್ತದ್ದು, ಏಣಿ, ಸುಳ್ಳು ಎಲ್ಲ ಹೇಳಿದ, ಆಮೇಲೆ ತನ್ನ ಬೆರಳನ್ನು ತಾನೇ ದೀಪಕ್ಕೆ ಹಿಡಿದು ನೋಡಿಕೊಂಡಳು, ಬಹಳ ಹೊತ್ತು. ಮುಖ ಹಿಟ್ಟಿಗಿಂತ ಬಿಳಿ. ಬುಧವಾರದಿಂದ ಇಟಗೊಂಡ ಕುಂತಿದ್ಯಾ? ಹೌದು. ನಿಮ್ಮವ್ವ ಇಲ್ಲಿದ್ರ ನಿನ್ನ ಕಪಾಳಕ್ಕ ಹೊಡೀತಿದ್ಲ. ಹೌದು. ನಾನೂ ಹೊಡೀತೀನಿ, ಆದ್ರ ಈಗಲ್ಲ, ಬದುಕಿದ್ರ. ಟೋಪಿ ಹಾಕಿಕೊಂಡಳು, ಕೈಗವಸು ಹಾಕಿಕೊಂಡು ಕಂಬಳಿಯನ್ನು ಮೇಣಬಟ್ಟೆಯಲ್ಲಿ ಸುತ್ತಿದಳು, ಟ್ರಾಮಿನಲ್ಲಿ ಕಂಬಳಿಯನ್ನು ಇಬ್ಬರ ಕಾಲ ನಡುವೆ ಇಟ್ಟುಕೊಂಡು ಕೂತರು, ಎದುರಿನ ಮುದುಕ ಅವರನ್ನು ನೋಡಿ ಟೋಪಿ ಎತ್ತಿದ, ಅವಳು ತಲೆಬಾಗಿದಳು, ಸತ್ತೆಪ್ಪನ ಹಲ್ಲು ಕಟಕಟ ಬಡಿಯುತ್ತಿವೆ, ಟ್ರಾಮಿನ ಸದ್ದೆಂದು ತಿಳಿಯಲಿ.

ಆಸ್ಪತ್ರೆಯ ಬೆಂಚು, ಫಿನೈಲಿನ ವಾಸನೆ, ಎಳೆಯ ಡಾಕ್ಟರು ಶಿಳ್ಳೆ ಹಾಕುತ್ತ ಬಂದ, ಕಂಬಳಿಯ ಮಾತು ಕೇಳಿ ಶಿಳ್ಳೆ ನಿಲ್ಲಿಸಿದ. ಸೂಜಿಯಿಂದ ಹುಣ್ಣು ಕೆರೆದ — ನೋಯಿತು, ಅಯ್ಯೋ ಬೀರಪ್ಪಾ ನೋಯಿತು, ಸತ್ತೆಪ್ಪನ ಕಣ್ಣಲ್ಲಿ ನೀರು ಬಂತು, ನೋವಿಗೆ ಯಾರೂ ಇಷ್ಟು ಹಿಗ್ಗಿರಲಿಕ್ಕಿಲ್ಲ. ಕೆರೆದದ್ದನ್ನು ಸೂಕ್ಷ್ಮದರ್ಶಕಕ್ಕೆ ಹಿಡಿಯಲು ಮುಕ್ಕಾಲು ತಾಸು ಒಳಗೆ ಹೋದ, ಗೋಡೆಯ ಗಡಿಯಾರ, ಅವಳ ಮೊಣಕೈ ಅವನ ಮೊಣಕೈಗೆ ತಾಗಿ, ಅವಳು ಗಂಡನ ಹೆಸರು ಹಿಡಿದು ಏನೋ ಗುನುಗುತ್ತಾಳೆ, ಇವನು ಅವ್ವನ ಹೆಸರು. ಡಾಕ್ಟರು ಕೈ ಒರೆಸುತ್ತ ಬಂದ, ಏನೂ ಇಲ್ಲ, ನಿನ್ನ ಕಾಲರು ಒಂದು ಅಳತೆ ಚಿಕ್ಕದು, ಅದು ತಿಕ್ಕಿದ ಹುಣ್ಣು, ಆ ಕಾಲರು ಬಿಸಾಕು. ಅಮ್ಮಾ, ಸೂಜಿ ಚುಚ್ಚಿ ಎಂಟು ದಿನವಾಯಿತಲ್ಲ, ಬರುವುದಾಗಿದ್ದರೆ ಬಂದಿರುತ್ತಿತ್ತು. ಮಿಸೆಸ್ ಹಾಲ್ರಾಯ್ಡ್ ಬೆಂಚಿನ ಮೇಲೆ ಕೂತೇ ಇದ್ದಳು, ಎದ್ದಳು, ಅವನ ಕಪಾಳಕ್ಕೆ ಹೊಡೆದಳು, ಮೆಲ್ಲಗಲ್ಲ, ಆಮೇಲೆ ಅವನ ತೋಳು ಹಿಡಿದುಕೊಂಡೇ ಅತ್ತಳು. ಮತ್ತು ಕಂಬಳಿ? ಡಾಕ್ಟರು ತಲೆ ಅಲ್ಲಾಡಿಸಿದ, ಅದನ್ನು ಇಟ್ಟುಕೊಂಡು ಪರೀಕ್ಷೆ ಮಾಡುವುದಿಲ್ಲ, ಅಂಥದ್ದನ್ನು ಸುಡುವುದೇ ಕಾನೂನು. ತೊಳೆದು ಕೊಡಿ. ಆಗುವುದಿಲ್ಲ. ಕುದಿಸಿ ಕೊಡಿ. ಇಲ್ಲ. ಹಟ್ಟಿಯ ತೊಲೆಯಲ್ಲಿ ಇನ್ನೂ ಅರ್ಧ ಬುಟ್ಟಿ ಇದೆ, ದಸರೆ ಮುಗಿದರೆ ಅವ್ವ ಹಗ್ಗ ಹೊಸೆಯಲು ಇಳಿಸುತ್ತಾಳೆ, ಪತ್ರ ಹದಿನೆಂಟು ದಿನ, ತಂತಿಯೇ ಕೊಡಬೇಕು, ಒಂದು ಕುರಿ ಹೋದರೂ ಹೋಗಲಿ, ಆದರೆ ತಂತಿ ಬಂತೆಂದರೆ ಓದಿಸುವ ಮೊದಲೇ ಹಟ್ಟಿಯೆಲ್ಲ ಎದೆ ಬಡಿದುಕೊಂಡು ಅಳುತ್ತದೆ, ಸತ್ಯಾ ಸತ್ತ ಅಂತ. ಅಳಲಿ, ಆಮೇಲೆ ಓದಲಿ, ಬುಟ್ಟಿ ಸುಡ್ರಿ, ನಾ ಗಟ್ಟಿ ಅದೀನಿ, ಸುಳ್ಳ ಹೇಳಿದ್ದೆ. ರಬ್ಬರಿನ ಕೈಗವಸಿನ ಒಬ್ಬ ಬಂದ, ಮೇಣಬಟ್ಟೆ ಬಿಚ್ಚಿದ, ಇಕ್ಕಳದಿಂದ ಕಂಬಳಿ ಎತ್ತಿದ. ಹಟ್ಟಿಯಲ್ಲಿ ಯಾರೂ ಕಂಬಳಿಯನ್ನು ದಾಟುವುದಿಲ್ಲ, ಕಾಲಿನಿಂದ ಸರಿಸುವುದಿಲ್ಲ, ದೇವರು ಕೂಡ್ರುವುದು ಅದರ ಮೇಲೆ. ಇಕ್ಕಳದ ತುದಿಯಲ್ಲಿ ಅದು ಮೈಯಿಂದ ದೂರ ತೂಗುತ್ತ ಆಸ್ಪತ್ರೆಯ ಓಣಿಯಲ್ಲಿ ಹೋಗುತ್ತಿದೆ, ಅಪ್ಪ ನೇಯ್ದದ್ದು, ಅವ್ವ ನೂತದ್ದು, ಅದರಲ್ಲಿ ವಿಷ ಇತ್ತೋ ಇಲ್ಲವೋ ಇನ್ನು ಯಾರಿಗೂ ತಿಳಿಯುವುದಿಲ್ಲ. ಇಬ್ಬರ ಜೀವ ಉಳಿಯಿತು. ಕಂಬಳಿ ಹೋಯಿತು. ಬಾಗಿಲು ತೆರೆಯಿತು, ಇಕ್ಕಳ, ಬಾಗಿಲು ಮುಚ್ಚಿತು, ಕಣ್ಣು ಮುಚ್ಚಿದರೂ ಇಕ್ಕಳ, ತೆರೆದರೂ ಇಕ್ಕಳ, ಸತ್ತ ಹಾವನ್ನು ಹಿಡಿದ ಹಾಗೆ ಕಂಬಳಿಯನ್ನು ಹಿಡಿದ ಆ ಇಕ್ಕಳ