ಊರೆಲ್ಲ ಮನೆ ಬದಲಿಸುವ ದಿನ

ಆಗಸ್ಟ್ ನಡುವೆ ಒಂದು ದಿನ ಮ್ಯಾಡಿಸನ್ ಊರಿನ ಎಷ್ಟೋ ಜನಕ್ಕೆ ಮನೆಯೇ ಇರುವುದಿಲ್ಲ. ವಿದ್ಯಾರ್ಥಿಗಳ ಬಾಡಿಗೆ ಕರಾರುಗಳು ಒಂದೇ ಬೆಳಿಗ್ಗೆ ಮುಗಿಯುತ್ತವೆ. ಹೊಸ ಮನೆಯ ಬೀಗದ ಕೈ ಸಿಗುವುದು ಸಂಜೆಗೆ, ಕೆಲವರಿಗೆ ಮರುದಿನ. ನಡುವಿನ ಹೊತ್ತಿನಲ್ಲಿ ಸೋಫಾ, ಹಾಸಿಗೆ, ಫ್ಯಾನು, ಮೈಕ್ರೋವೇವು ಎಲ್ಲ ಬೀದಿಯಲ್ಲಿರುತ್ತವೆ. ನಾನು ಇಲ್ಲಿ ಓದುತ್ತಿದ್ದಾಗಲೂ ಹೀಗೇ ಇತ್ತು. ಆ ದಿನದ ಕಾನೂನೂ ಬದಲಾಗಿಲ್ಲ. ಸಾಮಾನಿನ ಮೇಲೆ ಯಾರಾದರೂ ಕೂತಿದ್ದರೆ ಅದು ಅವರದು. ಯಾರೂ ಕೂತಿಲ್ಲದಿದ್ದರೆ ಬೇಕಾದವರು ಎತ್ತಿಕೊಂಡು ಹೋಗಬಹುದು.

ನನ್ನ ಮಗಳು ಬ್ರಿಟಾ ಅಂದು ಮಿಫ್ಲಿನ್ ಬೀದಿಯ ಮನೆ ಬಿಡುವವಳಿದ್ದಳು. ಸಹಾಯಕ್ಕೆಂದು ನಾನೂ ನನ್ನ ತಮ್ಮ ಡೇಲೂ ನಮ್ಮ ಹಳ್ಳಿಯಿಂದ ಬೆಳಿಗ್ಗೆಯೇ ಬಂದೆವು. ಅವಳಿಗೆ ಹೇಳಿದ್ದು ಅಷ್ಟೇ. ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ಸಂಜೆಯೊಳಗೆ ಅವಳನ್ನು ಹೇಗಾದರೂ ಒಪ್ಪಿಸಿ, ಸಾಮಾನಿನ ಸಮೇತ ಮನೆಗೆ ಕರೆದುಕೊಂಡು ಹೋಗಬೇಕು ಎಂದುಕೊಂಡಿದ್ದೆ.

ಕಾರಣ ಮಾರ್ಚ್ ತಿಂಗಳಿನದು. ಮೆಂಡೋಟಾ ಕೆರೆಯ ಮಂಜುಗಡ್ಡೆ ಬೂದುಬಣ್ಣಕ್ಕೆ ತಿರುಗಿ, ದಡದುದ್ದಕ್ಕೂ ನೀರು ಬಿಟ್ಟುಕೊಂಡಿದ್ದ ವಾರದಲ್ಲಿ ಬ್ರಿಟಾ ಒಬ್ಬಳೇ ಅದರ ಮೇಲೆ ಬಹುದೂರ ನಡೆದುಹೋಗಿದ್ದಳು. ದಡದಲ್ಲಿದ್ದ ಯಾರೋ ಫೋನ್ ಮಾಡಿದರು. ಅಗ್ನಿಶಾಮಕ ದಳದವರು ಹಗ್ಗ, ಏಣಿ ಹಿಡಿದು ಹೋಗಿ ಕರೆತಂದರು. "ವಾಕಿಂಗ್ ಹೋಗಿದ್ದೆ" ಎಂದಳು, ಅವರಿಗೂ, ಡಾಕ್ಟರಿಗೂ, ನನಗೂ. ಚಳಿಗಾಲವಿಡೀ ಊರೇ ಆ ಕೆರೆಯ ಮೇಲೆ ನಡೆಯುತ್ತದೆ, ರಂಧ್ರ ಕೊರೆದು ಮೀನು ಹಿಡಿಯುತ್ತದೆ. ಹಾಗಾಗಿ ಅದನ್ನು ಸುಳ್ಳು ಎನ್ನುವಂತಿರಲಿಲ್ಲ. ಆದರೆ ನಮ್ಮ ಕಡೆ ಹುಟ್ಟಿದ ಯಾವ ಮಗುವಿಗೂ ಮಾರ್ಚ್ ಮಂಜುಗಡ್ಡೆ ಕಾಲಿಟ್ಟಲ್ಲಿ ಒಡೆಯಬಹುದು ಎಂದು ಹೇಳಿಕೊಡಬೇಕಾಗಿಲ್ಲ.

ಬೇಸಿಗೆ ರಜೆಗೆ ಅವಳು ಮನೆಗೆ ಬರಲಿಲ್ಲ. ಸೈಕಲ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ನಾನು ದಿನವೂ ಫೋನ್ ಮಾಡುತ್ತಿದ್ದೆ. ಊಟ, ನಿದ್ದೆ, ಹವಾಮಾನ ಎಲ್ಲ ಕೇಳುತ್ತಿದ್ದೆ. ಒಂದನ್ನು ಮಾತ್ರ ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡಬಹುದಲ್ಲ.

ಡೇಲ್ ತಂದಿದ್ದು ಕುದುರೆ ಸಾಗಿಸುವ ಟ್ರೇಲರ್. ಹಿಂದಿನ ದಿನ ತೊಳೆದಿದ್ದನಂತೆ. ಬ್ರಿಟಾ ಮೂಗು ಮುಚ್ಚಿಕೊಂಡಳು.

"ಮಾವ, ಇದ್ರಲ್ಲಿ ಹಾಕಿದ್ರೆ ನನ್ನ ಹಾಸಿಗೆಗೆ ಕುದುರೆ ವಾಸ್ನೆ ಬರುತ್ತೆ."

"ನಾಳೆ ನನ್ನ ಕುದುರೆ ಏನನ್ನುತ್ತೋ ಅದನ್ನ ಯೋಚ್ನೆ ಮಾಡು. ಅದು ಭಾರಿ ಮಡಿವಂತ ಪ್ರಾಣಿ."

"ಒಂದು ರೂಮಿನ ಸಾಮಾನಿಗೆ ಇಷ್ಟು ದೊಡ್ಡ ಗಾಡಿ ಯಾಕೆ?"

ಡೇಲ್ ನನ್ನ ಕಡೆ ನೋಡಿದ. ನಾನು ಒಂದು ಪೆಟ್ಟಿಗೆ ಎತ್ತಿಕೊಂಡೆ.

ಅವಳು ತೆಳ್ಳಗಾಗಿದ್ದಳು. ಇಲ್ಲ, ತೋಳು ಗಟ್ಟಿಯಾಗಿತ್ತು. ಕೂದಲು ಕತ್ತರಿಸಿಕೊಂಡಿದ್ದಳು, ಅದು ಒಳ್ಳೆಯ ಲಕ್ಷಣವೋ ಕೆಟ್ಟದ್ದೋ ತಿಳಿಯಲಿಲ್ಲ. ನಗುವಾಗ ಕಣ್ಣೂ ನಗುತ್ತಿದೆಯೇ ಎಂದು ನೋಡಿದೆ. ಬಚ್ಚಲಿನ ಕಪಾಟು ಖಾಲಿ ಮಾಡುವ ನೆಪದಲ್ಲಿ, ಮಾರ್ಚ್‌ನಲ್ಲಿ ಡಾಕ್ಟರು ಬರೆದುಕೊಟ್ಟಿದ್ದ ಮಾತ್ರೆಯ ಡಬ್ಬಿ ಅಲ್ಲಾಡಿಸಿ ನೋಡಿದೆ. ಇದ್ದವು. ಎಷ್ಟಿರಬೇಕು ಎಂದು ನನಗೇನು ಗೊತ್ತು?

ಮೇಜು, ಪುಸ್ತಕದ ಪೆಟ್ಟಿಗೆಗಳು ಟ್ರೇಲರ್ ಸೇರುವಷ್ಟರಲ್ಲಿ ಹಿಂದೆ ಸಾಲುಗಟ್ಟಿದ ಗಾಡಿಗಳು ಹಾರ್ನ್ ಹೊಡೆಯಲು ಶುರುಮಾಡಿದವು. ಪೊಲೀಸಿನವಳೊಬ್ಬಳು ಬಂದು ಡೇಲ್‌ನ ಕಿಟಕಿ ತಟ್ಟಿದಳು.

"ಇಲ್ಲಿ ಕುದುರೆ ಯಾರಿಗೆ ಬೇಕು, ಅಣ್ಣಾ? ಮುಂದಕ್ಕೆ ಹೋಗಿ."

"ಒಂದು ಸುತ್ತು ಹೊಡ್ಕೊಂಡು ಬರ್ತೀನಿ" ಎಂದು ಡೇಲ್ ನಮಗೆ ಕೂಗಿ ಹೇಳಿದ. ಅಂದಿನ ಆ ಬೀದಿಗಳಲ್ಲಿ ಒಂದು ಸುತ್ತು ಎಂದರೆ ಗಂಟೆಗಟ್ಟಲೆ ಆಗುವ ಮಾತು.

ಉಳಿದದ್ದೆಲ್ಲ ರಸ್ತೆಯಂಚಿನ ಹುಲ್ಲಿನ ಮೇಲಿತ್ತು. ಹಾಸಿಗೆ, ದೀಪ, ಪುಸ್ತಕದ ಕಪಾಟು, ಎರಡು ಕುರ್ಚಿ, ಪೆಟ್ಟಿಗೆಗಳು.

"ಅಮ್ಮ, ನೀನು ಇದರ ಮೇಲೆ ಕೂತ್ಕೊ. ಏಳ್ಬೇಡ. ನಿಂಗೆ ಗೊತ್ತಲ್ಲ ಇವತ್ತಿನ ವಿಷಯ. ನಾನು ಆಫೀಸಿಗೆ ಹೋಗಿ ಕೀ ಕೊಟ್ಟು ಬರ್ತೀನಿ."

ನಾನು ಕೂತೆ. ಇಬ್ಬರು ಹುಡುಗಿಯರು ಅಂಗಡಿಯಿಂದ ತಂದಿದ್ದ ತಳ್ಳುಗಾಡಿ ಉರುಳಿಸುತ್ತ ಬಂದರು. ಅದರಲ್ಲಿ ಆಗಲೇ ಒಂದು ಕನ್ನಡಿ, ಅಕ್ವೇರಿಯಂ, ಪ್ಲಾಸ್ಟಿಕ್ ಫ್ಲೆಮಿಂಗೊ ಇದ್ದವು.

"ಆಂಟಿ, ಈ ದೀಪ ಬಿಟ್ಟಿ ಸಾಮಾನಾ?"

"ಅಲ್ಲ."

"ಹಾಸಿಗೆ?"

"ಅಲ್ಲ."

"ನೀವು?" ಎಂದಳು ಇನ್ನೊಬ್ಬಳು. "ನಮ್ಮ ಮನೇಲಿ ಅಡುಗೆ ಮಾಡೋರು ಯಾರೂ ಇಲ್ಲ."

"ನನ್ನನ್ನ ಕರ್ಕೊಂಡು ಹೋದೋರು ಸಾಯಂಕಾಲಕ್ಕೇ ವಾಪಸ್ ತಂದು ಇಡ್ತಾರೆ" ಎಂದೆ. ಅವರು ನಗುತ್ತ ಮುಂದಿನ ಗುಡ್ಡೆಗೆ ಹೋದರು. ಎದುರು ಮನೆಯ ಛಾವಣಿಯ ಮೇಲೆ ಯಾರೋ ತುತ್ತೂರಿ ಊದುತ್ತಿದ್ದರು. ಕೆಂಪು ಬನಿಯನ್ನಿನ ಹುಡುಗರು ಫ್ರಿಜ್ಜೊಂದನ್ನು ಸ್ಕೇಟ್‌ಬೋರ್ಡಿನ ಮೇಲಿಟ್ಟು, ಎರಡು ಕಡೆ ಹಿಡಿದು, ಒಬ್ಬರನ್ನೊಬ್ಬರು ಬೈಯುತ್ತ ಸಾಗಿದರು.

ಬ್ರಿಟಾ ಮೂಲೆ ತಲುಪಿದ್ದು ನನಗೆ ಕಾಣುತ್ತಿತ್ತು. ಆಫೀಸು ಇದ್ದದ್ದು ಬಲಕ್ಕೆ. ಅವಳು ಎಡಕ್ಕೆ ತಿರುಗಿದಳು. ಎಡಕ್ಕೆ ಕೆರೆ.

ಕಾಫಿಗೆ ಹೋಗಿರಬಹುದು ಎಂದುಕೊಂಡೆ. ಗೆಳತಿ ಸಿಕ್ಕಿರಬಹುದು. ಕೀ ಕೊಡುವ ಜಾಗ ಬದಲಾಗಿರಬಹುದು. ಅಷ್ಟು ಹೊತ್ತಿಗೆ ನಾನು ಎದ್ದು ನಿಂತಿದ್ದೆ. ಕೂತೆ. ಮತ್ತೆ ಎದ್ದೆ. ಆಮೇಲೆ ನಡೆಯತೊಡಗಿದೆ.

ಸ್ಟೇಟ್ ಸ್ಟ್ರೀಟ್ ದಾಟುವಾಗ ಜನಸಂದಣಿಯಲ್ಲಿ ಅವಳು ತಪ್ಪಿಹೋದಳು. ಕತ್ತರಿಸಿದ ಕೂದಲನ್ನು ಹುಡುಕುತ್ತ ಓಡಿದೆ. ಉದ್ದ ಕೂದಲನ್ನು ಹುಡುಕಿ ರೂಢಿಯಾದ ಕಣ್ಣು ಮತ್ತೆ ಮತ್ತೆ ತಪ್ಪುತ್ತಿತ್ತು. ಇಳಿಜಾರಿನ ಓಣಿಯ ತುದಿಯಲ್ಲಿ ನೀರು ಕಂಡಿತು, ನೀರಿನೊಳಕ್ಕೆ ಚಾಚಿದ ಮರದ ಅಟ್ಟಣೆ ಕಂಡಿತು, ಅದರ ತುದಿಯಲ್ಲಿ ಅವಳು. ಚಪ್ಪಲಿ ಬಿಟ್ಟಳು. ಫೋನನ್ನು ಚಪ್ಪಲಿಯ ಮೇಲೆ ಜೋಪಾನವಾಗಿ ಇಟ್ಟಳು. ಆ ಜೋಪಾನ ನೋಡಿ ಇನ್ನೂ ಜೋರಾಗಿ ಓಡಿದೆ. ಅಂಗಿ ತೆಗೆದು ಮಡಿಸಿದಳು, ಆಮೇಲೆ ಹಾರಿದಳು.

ನಾನು ಏನೆಂದು ಕಿರುಚಿದೆನೋ ನನಗೆ ಗೊತ್ತಿಲ್ಲ. ಅವಳ ಹೆಸರೇ ಇರಬೇಕು. ಅಟ್ಟಣೆಯ ಮೇಲೆ ಓಡಿದೆ. ನೀರು ಮುಚ್ಚಿಕೊಂಡಿತ್ತು. ತಲೆ ಮೇಲೆ ಬರಲಿಲ್ಲ. ಇನ್ನೂ ಬರಲಿಲ್ಲ.

"ಯಾಕಮ್ಮ ಹಂಗೆ ಕಿರುಚ್ತೀಯ? ಮೀನೆಲ್ಲ ಹೆದ್ರಿಕೊಳ್ತವೆ." ಏಣಿಯ ಪಕ್ಕದಲ್ಲಿ, ರಬ್ಬರ್ ಟೋಪಿ ಹಾಕಿದ್ದ ಮುದುಕಿಯೊಬ್ಬಳು ಕತ್ತಿನವರೆಗೆ ನೀರಿನಲ್ಲಿ ನಿಂತಿದ್ದಳು. "ಆ ಹುಡುಗಿ ದಿನಾ ಬರ್ತಾಳೆ. ಮುಳುಗೋದು ಇಲ್ಲಿ, ಏಳೋದು ಅಲ್ಲಿ. ನಂಗೆ ಅವಳ ಮೇಲೆ ಹೊಟ್ಟೆಕಿಚ್ಚು."

ಬಹಳ ಆಚೆ ತಲೆಯೊಂದು ಎದ್ದಿತು. ಒಂದೆರಡು ಸಲ ಕೈ ಬೀಸಿ ಈಜಿದ ಮೇಲೆ ಹಿಂತಿರುಗಿ ನೋಡಿತು.

"ಅಮ್ಮ?" ಎಂದಳು ಬ್ರಿಟಾ. ಆಮೇಲೆ, "ಸಾಮಾನಿನ ಹತ್ರ ಯಾರಿದ್ದಾರೆ?"

ಅವಳು ಒದ್ದೆ ಮೈಮೇಲೇ ಅಂಗಿ ಹಾಕಿಕೊಂಡು ನನಗಿಂತ ಮುಂದೆ ನಡೆದಳು. ನಾವು ತಲುಪಿದಾಗ ಹುಲ್ಲಿನ ಮೇಲೆ ಉಳಿದಿದ್ದದ್ದು ಚಳಿಗಾಲದ ಬಟ್ಟೆಯ ಒಂದು ಪೆಟ್ಟಿಗೆ, ಒಂದು ಬಾಣಲೆ. ಪೆಟ್ಟಿಗೆಯ ಮೇಲೆ ದಪ್ಪನೆಯ ಹುಡುಗನೊಬ್ಬ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

"ಇದು ನಿಮ್ದಾ?" ಎಂದು ಎದ್ದ. "ಯಾರೂ ಇರ್ಲಿಲ್ಲ, ಅದಕ್ಕೇ... ಹಾಸಿಗೆ ತಗೊಂಡೋರು ಆ ಕಡೆ ಹೋದ್ರು. ತಲೆ ಮೇಲೆ ಹೊತ್ಕೊಂಡು."

"ನೀನು ತಡೀಲಿಲ್ವಾ?"

"ತಡೆಯೋದಾ? ನಾನೇ ಎತ್ತಿ ತಲೆ ಮೇಲೆ ಇಟ್ಟೆ."

ತಳ್ಳುಗಾಡಿಯ ಹುಡುಗಿಯರು ಮುಂದಿನ ಬೀದಿಯಲ್ಲಿ ಸಿಕ್ಕರು. ಫ್ಲೆಮಿಂಗೊ ಪಕ್ಕದಲ್ಲಿ ಬ್ರಿಟಾಳ ದೀಪ ನಿಂತಿತ್ತು. "ಆಂಟಿ, ನೀವೇ ಎದ್ದು ಹೋದ್ರಲ್ಲ!" ಎಂದು ಜಗಳಕ್ಕೆ ಬಂದವಳು ನನ್ನ ಮುಖ ನೋಡಿ ಸುಮ್ಮನೆ ದೀಪ ಕೊಟ್ಟಳು. ಉಳಿದದ್ದು ಸಿಗಲಿಲ್ಲ.

ಬ್ರಿಟಾ ಪೆಟ್ಟಿಗೆಯ ಮೇಲೆ ಕೂತಳು. ನಾನು ಹುಲ್ಲಿನ ಮೇಲೆ. ಕೂತಿರಲಾರದೆ ದೀಪದ ವೈರನ್ನು ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ.

"ನನ್ನ ಹಿಂದೆ ಬಂದೆ" ಎಂದಳು.

"ಹೌದು."

"ಸೆಕೆ ಆಗ್ತಿತ್ತು. ಒಂದು ಮುಳುಗು ಹಾಕ್ಕೊಂಡು ಹಂಗೇ ಕೀ ಕೊಡೋಣ ಅಂದ್ಕೊಂಡೆ."

"ಹೇಳಿ ಹೋಗ್ಬಹುದಿತ್ತು."

"ಕೆರೆಗೆ ಹೋಗ್ತೀನಿ ಅಂದಿದ್ರೆ ನಿನ್ನ ಮುಖ ಹೆಂಗಾಗ್ತಿತ್ತು, ಗೊತ್ತಾ? ಈಗ ಇದೆಯಲ್ಲ, ಹಿಂಗೆ." ಅವಳು ಬಾಣಲೆಯನ್ನು ಕಾಲಿನಿಂದ ದೂಡಿದಳು. "ಮತ್ತೆ ಆ ಕುದುರೆ ಗಾಡಿ. ನನ್ನನ್ನ ಮನೆಗೆ ಸಾಗಿಸೋಕೆ ತಾನೇ? ಮಾವನಿಗೆ ಸುಳ್ಳು ಹೇಳೋಕೆ ಬರಲ್ಲಮ್ಮ. ಅವನು ಬೆಳಿಗ್ಗೆಯಿಂದ ಜೋಕ್ ಮಾಡ್ತಾನೇ ಇದ್ದಾನೆ."

ಇಲ್ಲ ಎನ್ನಲು ಒಳ್ಳೆಯ ಮಾತುಗಳು ಹಲವು ಸಿಕ್ಕವು. ಒಂದನ್ನೂ ಆಡಲಿಲ್ಲ. ತುತ್ತೂರಿಯವನು ಅದೇ ತುಣುಕನ್ನು ಮತ್ತೆ ಮೊದಲಿನಿಂದ ಶುರುಮಾಡಿದ. ನಾನು ಕೇಳಿಯೇಬಿಟ್ಟೆ.

"ಮಾರ್ಚ್‌ನಲ್ಲಿ ನೀನು ಸಾಯೋಕೆ ಹೋಗಿದ್ಯಾ?"

ಅವಳು ನನ್ನನ್ನು ನೋಡಿದಳು. ಕೋಪ ಬಂದಂತೆ ಕಾಣಲಿಲ್ಲ. ಬಹಳ ದಿನದಿಂದ ಬರಬೇಕಾಗಿದ್ದವರು ಕೊನೆಗೂ ಬಾಗಿಲು ತಟ್ಟಿದಾಗ ನೋಡುವಂತಿತ್ತು.

"ಗೊತ್ತಿಲ್ಲಮ್ಮ. ನಿಜವಾಗ್ಲೂ. ನಡೀತಾ ಹೋದ್ರೆ ಎಲ್ಲಾದ್ರೂ ನಿಲ್ತೀನಾ ನೋಡೋಣ ಅಂತ ಹೋದೆ." ಕೂದಲಿನಿಂದ ನೀರು ಕುತ್ತಿಗೆಗೆ ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. "ನಿಂತೆ. ಕೆಳಗೆ ಸದ್ದು ಬರ್ತಿತ್ತು, ಹೊಟ್ಟೆ ಗುಡುಗುಡು ಅನ್ನುತ್ತಲ್ಲ, ಹಂಗೆ. ಭಯ ಆಯ್ತು. ತಿರುಗಿದೆ. ಅವರು ಏಣಿ ತಂದಾಗ ನಾನು ಆಗ್ಲೇ ವಾಪಸ್ ಬರ್ತಿದ್ದೆ. ಅದನ್ನ ಯಾರೂ ಬರ್ಕೊಳ್ಳಲಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಹವಾಮಾನ ಕೇಳ್ತಿದ್ದೆ."

ನಾನು ವೈರು ಬಿಟ್ಟೆ.

"ಈಗ?" ಎಂದೆ.

"ಈಗ ಕೆಲವು ದಿನ ಚೆನ್ನಾಗಿರುತ್ತೆ. ಕೆಲವು ದಿನ ಇಲ್ಲ. ಮಾತ್ರೆ ತಗೋತೀನಿ. ವಾರಕ್ಕೊಮ್ಮೆ ಒಬ್ಬರ ಹತ್ರ ಹೋಗಿ ಮಾತಾಡ್ತೀನಿ. ಆ ಮುದುಕಿ ಜೊತೆ ಈಜ್ತೀನಿ. ಮನೆಗೆ ಬಂದ್ರೆ ಇದ್ಯಾವುದೂ ಇರಲ್ಲ. ನೀನಿರ್ತೀಯ, ಮಾತ್ರೆ ಡಬ್ಬಿ ಅಲ್ಲಾಡಿಸ್ತಾ."

ಅವಳು ನೋಡಿದ್ದಳು.

ಡೇಲ್‌ನ ಟ್ರೇಲರ್ ಮೂಲೆ ತಿರುಗಿ, ಸೋಫಾವೊಂದನ್ನು ಸವರಿಕೊಂಡು ಬಂದು ನಿಂತಿತು. ಅವನು ಕಿಟಕಿಯಿಂದ ತಲೆ ಹೊರಹಾಕಿ ಖಾಲಿ ಹುಲ್ಲನ್ನು ನೋಡಿದ.

"ಪರ್ವಾಗಿಲ್ಲ ಕಣ್ರೇ, ಚೆನ್ನಾಗೇ ಕೆಲಸ ಮಾಡಿದ್ದೀರ. ನಾನು ಇನ್ನೊಂದು ಸುತ್ತು ಹೊಡೆದಿದ್ರೆ ಬ್ರಿಟಾನೂ ಸಿಗ್ತಿರ್ಲಿಲ್ಲ." ಯಾರೂ ನಗಲಿಲ್ಲ. ಅವನು ದನಿ ತಗ್ಗಿಸಿದ. "ಅಕ್ಕ, ಯಾವ ಕಡೆ? ಹೈವೇಗಾ, ಇಲ್ಲೇನಾ? ಬೇಗ ಹೇಳು, ಆ ಪೊಲೀಸಿನವಳು ಬರ್ತಿದ್ದಾಳೆ."

ಬ್ರಿಟಾ ಪೆಟ್ಟಿಗೆಯಿಂದ ಎದ್ದು ನನ್ನ ಕಡೆ ತಿರುಗಿದಳು. ಅವಳಿಗೂ ನನ್ನ ಮಾತು ಬೇಕಿತ್ತು ಎಂದು ಆಗ ಅನ್ನಿಸಿತು. ಮನೆಯಲ್ಲಿ ಅವಳ ಕೋಣೆಗೆ ಹೊಸ ಪರದೆ ಹಾಕಿಸಿದ್ದೆ. ರಾತ್ರಿ ಸದ್ದಾದರೆ ಕೇಳಲಿ ಎಂದು ನನ್ನ ಮಂಚವನ್ನು ಆ ಕಡೆಯ ಗೋಡೆಗೆ ಸರಿಸಿದ್ದೆ.

"ಗೋರಮ್ ಬೀದಿ" ಎಂದೆ. "ಅವಳ ಹೊಸ ಮನೆಗೆ."

ದಾರಿಯಲ್ಲಿ ಹಳೆಯ ಕೀ ಕೊಟ್ಟೆವು, ಸಂಜೆ ಹೊಸ ಮನೆಯ ಬೀಗದ ಕೈ ಸಿಕ್ಕಿತು. ಮೂರನೆಯ ಮಹಡಿ; ಡೇಲ್ ಮೇಜು ಹೊತ್ತು ಪ್ರತಿ ತಿರುವಿನಲ್ಲೂ ಬೇರೆ ಬೇರೆ ಪ್ರಾಣಿಯ ಹೆಸರಿನಿಂದ ಅದನ್ನು ಬೈದ. ಹಾಸಿಗೆ ಇರಲಿಲ್ಲ. ಚಳಿಗಾಲದ ಕೋಟುಗಳನ್ನೆಲ್ಲ ನೆಲಕ್ಕೆ ಹಾಸಿದೆವು. ಇದ್ದದ್ದು ಒಂದೇ ಕಿಟಕಿ. ಮೇಪಲ್ ಮರದ ಎಲೆಗಳ ನಡುವೆ ಏನೋ ಹೊಳೆಯಿತು.

"ನೀರು ಕಾಣುತ್ತೆ" ಎಂದೆ.

"ಎಲೆ ಉದುರಿದ ಮೇಲೆ ಪೂರ್ತಿ ಕಾಣುತ್ತಂತೆ." ಅವಳು ನನ್ನ ಮುಖವನ್ನೇ ಗಮನಿಸುತ್ತಿದ್ದಳು. "ಕೇಳು. ಏನು ಬೇಕೋ ಕೇಳು. ಹವಾಮಾನ ಒಂದು ಬೇಡ."

"ಚಳಿಗಾಲದಲ್ಲಿ ಅದರ ಮೇಲೆ ನಡೀತೀಯಾ?"

"ಎಲ್ಲರೂ ನಡೆಯುವಾಗ ನಡೀತೀನಿ. ಎಲ್ಲರೂ ಬಿಟ್ಟ ದಿನ ನಾನೂ ಬಿಡ್ತೀನಿ."

"ಚೆನ್ನಾಗಿಲ್ಲದ ಆ ಕೆಲವು ದಿನ ಬಂದ್ರೆ?"

"ಫೋನ್ ಮಾಡ್ತೀನಿ."

"ಮಾಡದೆ ಇದ್ರೆ?"

"ನೀನು ಮಾಡು. ಈಗ ಕೇಳಿದ್ಯಲ್ಲ, ಹಂಗೇ ಕೇಳು. ಆದ್ರೆ ದಿನಾ ಬೇಡ."

"ದಿನ ಬಿಟ್ಟು ದಿನ?"

"ಅಮ್ಮ!"

"ವಾರಕ್ಕೆ ಎರಡು ಸಲ."

ಅವಳು ಯೋಚಿಸಿದಳು. "ಸರಿ. ಎರಡು."

ಕೆಳಗೆ ಡೇಲ್ ಹಾರ್ನ್ ಹೊಡೆದ. ನಾನು ಅವಳನ್ನು ತಬ್ಬಿಕೊಂಡೆ, ಸ್ವಲ್ಪ ಹೆಚ್ಚು ಹೊತ್ತು; ಅವಳು ತಾನಾಗಿ ಬಿಡಿಸಿಕೊಳ್ಳಲಿಲ್ಲ. ಅದೂ ಒಂದು ಲಕ್ಷಣವೇ ಎಂದು ಲೆಕ್ಕ ಹಾಕುತ್ತಿದ್ದ ತಲೆಯನ್ನು ಬೈದುಕೊಂಡು ಹೊರಬಂದೆ. ಎರಡನೆಯ ಮಹಡಿಯ ತಿರುವಿನಲ್ಲಿ ನಿಂತೆ. ಮೇಲೆ ಅವಳು ಮೇಜನ್ನು ಎಳೆಯುತ್ತಿದ್ದಳು. ಎಳೆದು, ನಿಲ್ಲಿಸಿ, ಮತ್ತೆ ಎಳೆದಳು, ಬಹುಶಃ ಕಿಟಕಿಯ ಕಡೆಗೆ. ನಂತರ ಸದ್ದು ನಿಂತಿತು. ಮತ್ತೆ ಸದ್ದಾಗುವ ತನಕ ಕಾಯಬೇಕೆನ್ನಿಸಿತು. ಕಾಯದೆ ಇಳಿದೆ.