ಎಂಬತ್ತು ಎಡತೋಳುಗಳು

ಮೊದಲು ಗಡಿಯಾರದ ಮುಳ್ಳು ಹೋಯಿತು, ಆಮೇಲೆ ಎಂಟರಿಂದ ಹನ್ನೆರಡರವರೆಗಿನ ಅಂಕಿಗಳು ಹೋದವು, ಯಾರೋ ಒದ್ದೆ ಬೆರಳಿನಿಂದ ಒರೆಸಿಬಿಟ್ಟ ಹಾಗೆ, ಈಗ ಆ ಜಾಗದಲ್ಲಿ ಮಿಣಮಿಣ ಹೊಳೆಯುವ ಗರಗಸದ ಹಲ್ಲು — ಬಂದೆಯಾ ಮಹಾರಾಯ್ತಿ, ಬಾ, ಇವತ್ತಲ್ಲದೆ ಇನ್ಯಾವತ್ತು ಬರುತ್ತೀಯ, ಇಪ್ಪತ್ತು ನಿಮಿಷ ಈ ಮಿಣಮಿಣ, ಅದು ಮುಗಿದರೆ ಬಲಗಣ್ಣಿನ ಹಿಂದೆ ಸುತ್ತಿಗೆ, ಸಂಜೆಯವರೆಗೂ ಸುತ್ತಿಗೆ, ಮಾತ್ರೆ ನುಂಗಿಯಾಗಿದೆ, ನೀರಿಲ್ಲದೆ ನುಂಗಿದ್ದು ಇನ್ನೂ ಗಂಟಲಲ್ಲೇ ಕಹಿಯಾಗಿ ಕೂತಿದೆ, ಎಡಗಣ್ಣು ಮುಚ್ಚಿದೆ, ಗರಗಸ ಇದೆ, ಬಲಗಣ್ಣು ಮುಚ್ಚಿದೆ, ಆಗಲೂ ಇದೆ, ಸರಿ ಹಾಗಾದರೆ, ಇದು ಕಣ್ಣಿನದಲ್ಲ, ತಲೆಯದು, ಮೈಗ್ರೇನ್, ಹದಿನೈದನೇ ವಯಸ್ಸಿನಿಂದ ಜೊತೆಗಿರುವ ಹಳೆಯ ನೆಂಟ, ಆ ಇನ್ನೊಂದು ಬಂದಿದ್ದರೆ ಒಂದೇ ಕಣ್ಣಿಗೆ ಬರುತ್ತಿತ್ತು, ಆರು ವರ್ಷದ ಹಿಂದೆ ಹಾಗೇ ಬಂದದ್ದು, ಎಡಗಣ್ಣಿಗೆ ಕೆಂಪು ದಾರ ನೂರು ಸಲ ಒಗೆದ ಹಾಗೆ ಮಾಸಿ ಕಂಡಿತ್ತು, ಬಲಗಣ್ಣಿಗೆ ಅದೇ ದಾರ ಕೆಂಪಗೇ ಇತ್ತು, ನರರೋಗದ ಡಾಕ್ಟರು ಹೇಳಿದರು, ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತಾರಮ್ಮ ಇದಕ್ಕೆ, ವೈರಿನ ಮೇಲಿನ ಪ್ಲಾಸ್ಟಿಕ್ ಅಲ್ಲಲ್ಲಿ ಕಿತ್ತುಹೋದ್ರೆ ಹೇಗೆ ಹಾಗೆ, ನರದ ಮೇಲಿನ ಹೊದಿಕೆ ಕಿತ್ತುಹೋಗುತ್ತೆ. ಒಂದು ಗೆರೆಯಷ್ಟು ಮಾತು, ಅದಾದ ಮೇಲೆ ಈ ಊರಿನಲ್ಲಿ ನನಗೆ ಬೇರೆ ಯಾವ ಕಾಯಿಲೆಯೂ ಬರುವ ಹಾಗಿಲ್ಲ, ಸೀನಿದರೆ ಅದು, ಎಡವಿದರೆ ಅದು, ಸಿಟ್ಟು ಬಂದರೆ ಅಯ್ಯೋ ಅದು ಅವಳ ಕಾಯಿಲೆ ಕಣೇ ಎಂದು ಅತ್ತಿಗೆ ಫೋನಿನಲ್ಲಿ ಯಾರಿಗೋ ಪಿಸುಗುಡುತ್ತಾಳೆ, ತಲೆ ಒಡೆದು ಹೋಗುತ್ತಿದೆ ಎಂದರೆ, ಅಷ್ಟು ದೊಡ್ಡ ಕಾಯಿಲೆ ಇಟ್ಕೊಂಡು ತಲೆನೋವಿಗೆಲ್ಲಾ ಯಾಕೆ ಅಳ್ತೀಯ ಅನ್ನುತ್ತಾಳೆ, ಅಂದರೆ ಒಂದು ಸಲ ದೊಡ್ಡದು ಬಂದರೆ ಚಿಕ್ಕದಕ್ಕೆ ನೋಯುವ ಹಕ್ಕೂ ಇಲ್ಲ, ಮೈ ಉರಿಯುತ್ತದೆ.

ಉರಿಯಲಿ, ಅಲ್ಲಾಡಬಾರದು, ಅಲ್ಲಾಡಿದರೆ ವಾಂತಿ. ಗೋದಾಮು ತಂಪಾಗಿದೆ, ಹೊಸ ಬಟ್ಟೆಯ ಗಂಜಿ ವಾಸನೆ, ಮೇಲೆ ಒಂದೇ ಕಿಟಕಿ, ಬಾಗಿಲಾಚೆ ಹೊಲಿಗೆ ಯಂತ್ರಗಳು ಗುರ್ರೆನ್ನುತ್ತಿವೆ, ನಾನು ಬಟ್ಟೆ ಕಟ್ಟುಗಳ ಮೇಲೆ ಮಲಗಿದ್ದೇನೆ, ಎಂಥಾ ತಲೆದಿಂಬು ಸಿಕ್ಕಿದೆ ನನಗೆ, ಆ ಕೋಟಿನ ತೋಳುಗಳೇ, ನಾನೇ ಕೆಡಿಸಿದೆನೆಂದು ಇವರೆಲ್ಲ ಸೇರಿ ನನ್ನನ್ನು ಕ್ಷಮಿಸಿಬಿಟ್ಟಿರುವ ಎಂಬತ್ತು ತೋಳುಗಳು. ಕ್ಷಮೆ! ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಮೇಜಿನ ಮೇಲೆ ಕತ್ತರಿ ಕುಕ್ಕುತ್ತಿದ್ದೆ, ಬೆಳಿಗ್ಗೆ ಮಾಲೀಕರು ನನ್ನ ಭುಜದ ಹತ್ತಿರ ಬಗ್ಗಿ, ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಲು ಬಂದವರ ದನಿಯಲ್ಲಿ, ಏನೂ ಬೇಜಾರು ಮಾಡ್ಕೋಬೇಡಮ್ಮ, ಆಗುತ್ತೆ, ನಿನ್ನ ಸ್ಥಿತೀಲಿ ಯಾರಿಗಾದ್ರೂ ಆಗುತ್ತೆ, ಎಂದರು, ಬಟ್ಟೆ ಕತ್ತರಿಸುವ ನನ್ನನ್ನು ಹತ್ತೊಂಬತ್ತು ವರ್ಷ ಮಾಸ್ಟ್ರೇ ಎಂದು ಕರೆದ ಬಾಯಿ, ಮಾಸ್ಟ್ರೇ ಈ ಬಟ್ಟೆ ಥಾನು ನೋಡಿ, ಮಾಸ್ಟ್ರೇ ಒಂದಿಂಚು ಉಳಿಸಿ ಕೊಡಿ, ಈಗ ಅಮ್ಮ ಆಗಿದ್ದೇನೆ. ನಲವತ್ತು ಕೋಟು, ಪ್ರಯೋಗಾಲಯದವರಿಗೆ, ತಿಳಿ ಬೂದು ಬಟ್ಟೆ, ಒಂದು ಮುಖ ನುಣುಪು, ಇನ್ನೊಂದು ಒರಟು, ನಲವತ್ತು ಪದರ ಒಂದರ ಮೇಲೊಂದು ಹಾಸಿ, ಎಲ್ಲದರ ನುಣುಪೂ ಮೇಲೆ ಮಾಡಿ, ತೋಳಿನ ಆಕಾರಕ್ಕೆ ಕತ್ತರಿಸಿದ ಕಾಗದ ಇಟ್ಟು ಒಂದು ಸಲ ಗೆರೆ ಎಳೆಯಬೇಕು, ಆಮೇಲೆ ಆ ಕಾಗದವನ್ನು ದೋಸೆಯ ಹಾಗೆ ಮಗುಚಿ ಇನ್ನೊಂದು ಸಲ ಎಳೆಯಬೇಕು, ಒಂದು ಎಡ, ಒಂದು ಬಲ, ಮಗುಚದಿದ್ದರೆ ಎಂಬತ್ತೂ ಎಡ, ಇದು ಮೊದಲ ತಿಂಗಳು ಕಲಿಯುವ ಪಾಠ, ಇದನ್ನು ನಾನು ಮರೆತೆನಂತೆ. ಇವತ್ತು ಬೆಳಿಗ್ಗೆ ಹೊಲಿಯುವವರು ಎರಡನೇ ತೋಳು ಕೂರಿಸಹೋದರೆ ಅದೂ ಎಡ, ಮತ್ತೊಂದು ತೆಗೆದರೆ ಅದೂ ಎಡ, ನಗು, ಆಮೇಲೆ ನನ್ನ ಕಡೆ ನೋಡಿ ನಗು ನಿಂತಿತು, ಅದೇ ಸಾಕಾಯಿತು, ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಾಗಿಬಿಟ್ಟಿತ್ತು, ಕಾಯಿಲೆಯ ತಲೆ ಮೇಲೆ ಗೂಬೆ ಕೂರಿಸಿದರೆ ಮುಗಿಯಿತು, ಅದು ಎದ್ದು ನಿಂತು ಜಗಳ ಆಡುವುದಿಲ್ಲವಲ್ಲ. ಹೇಳಿದೆ ನಾನು, ಬುಧವಾರ ಮುಂಭಾಗ ಹಿಂಭಾಗ ಕತ್ತರಿಸಿ ತೋಳು ಉಳಿಸಿ ಹೋದೆ, ಗುರುವಾರ ಸ್ಕ್ಯಾನ್ ಇತ್ತು, ಶುಕ್ರವಾರ ಮೇಲೇಳಲಾಗಲಿಲ್ಲ, ಎಂದು ನೆಟ್ಟಗೆ ಹೇಳಿದೆ, ಇಲ್ಲಮ್ಮ, ನೀನು ಬುಧವಾರಾನೇ ಎಲ್ಲಾ ಮುಗಿಸಿ ಹೋಗಿದ್ದೆ, ನಿಂಗೆ ನೆನಪಿಲ್ಲ ಅಷ್ಟೆ, ಈ ಕಾಯಿಲೇಲಿ ಮರೆವೂ ಇರುತ್ತಂತೆ, ನಾನು ಓದಿದೀನಿ, ಎಂದರು ಮಾಲೀಕರು. ಓದಿದ್ದಾರಂತೆ! ನನ್ನ ಮೇಜಿನ ಮೇಲಿನ ಟ್ಯೂಬ್‌ಲೈಟು ಎಂಟು ತಿಂಗಳಿಂದ ಪಟಪಟ ಅನ್ನುತ್ತಿದೆ, ಅದರ ಕೆಳಗೆ ಎರಡು ಗಂಟೆ ನಿಂತರೆ ನನಗೆ ಗರಗಸ ಬರುತ್ತದೆ, ಬದಲಾಯಿಸಿ ಬದಲಾಯಿಸಿ ಎಂದು ಬಾಯಿ ನೋಯುವಷ್ಟು ಹೇಳಿದ್ದೇನೆ, ಅದನ್ನು ಓದಲಿಲ್ಲ, ಟ್ಯೂಬು ಬದಲಾಯಿಸುವುದಕ್ಕಿಂತ ನನ್ನನ್ನು ಬದಲಾಯಿಸುವುದು ಇವರಿಗೆ ಸಲೀಸು.

ಬಾಗಿಲಾಚೆ ಮಾತು, ಅಣ್ಣ ಬಂದಿದ್ದಾನೆ, ಕರೆಸಿದ್ದಾರೆ, ನಲವತ್ನಾಲ್ಕು ವರ್ಷದವಳನ್ನು ಮನೆಗೆ ಕರೆದೊಯ್ಯಲು ಶಾಲೆಯಿಂದ ಫೋನ್ ಮಾಡಿದ ಹಾಗೆ — ಮಾಲೀಕರ ದನಿ, ನೋಡಿ ಸಾರ್, ನಾವು ಕೈಬಿಡಲ್ಲ ಅವರನ್ನ, ನಾಳೆಯಿಂದ ಗುಂಡಿ ಮೇಜಿನ ಹತ್ರ ಕೂತ್ಕೊಳ್ಳಲಿ, ಆರಾಮಾಗಿ, ಗುಂಡಿ ಹೊಂದಿಸೋದು, ಅಷ್ಟೆ — ನಿಮ್ಮ ಉಪಕಾರ ಮರೆಯಲ್ಲ, ಅನ್ನುತ್ತಿದ್ದಾನೆ ಅಣ್ಣ, ಉಪಕಾರ ಅನ್ನುತ್ತಿದ್ದಾನೆ, ಎಡಗೈಯ ಎರಡು ಬೆರಳ ತುದಿಗೆ ಸ್ಪರ್ಶವಿಲ್ಲ ನನಗೆ, ಗುಂಡಿ ಹಿಡಿದರೆ ಜಾರಿ ನೆಲಕ್ಕೆ ಉರುಳುತ್ತದೆ, ಕತ್ತರಿ ಹಿಡಿಯುವುದು ಬಲಗೈ, ಬಲಗೈಗೆ ಏನೂ ಆಗಿಲ್ಲ, ಇದನ್ನಾದರೂ ನನ್ನ ಕೇಳಿದ್ದರೆ, ಯಾರೂ ಕೇಳುವುದಿಲ್ಲ, ನನ್ನ ಮೇಜು ಹೋಗುತ್ತದೆ ನಾಳೆ, ನನ್ನ ಎತ್ತರಕ್ಕೆ ಮಾಡಿಸಿದ ಮೇಜು. ಮೇಜಾದರೂ ಹೋಗಲಿ ಎನ್ನೋಣ, ಅದಕ್ಕಿಂತ ಹೊಲಸು ಸಂಗತಿ ಇನ್ನೊಂದಿದೆ, ಬೆಳಿಗ್ಗೆಯಿಂದ ಹತ್ತು ಸಲ ಬುಧವಾರ ಸಂಜೆಯನ್ನು ಹಿಂದೆ ಮುಂದೆ ತಿರುವಿ ನೋಡಿದ್ದೇನೆ, ಹಾಸಿದ್ದು, ಮುಂಭಾಗ, ಹಿಂಭಾಗ, ದೀಪ ಆರಿಸಿದ್ದು, ಚೀಲ, ಮೆಟ್ಟಿಲು, ಇಷ್ಟೇ ತಾನೆ, ಅಥವಾ ನಡುವೆ ತೋಳು ಕತ್ತರಿಸಿದೆನೋ, ಹನ್ನೊಂದನೇ ಸಲ ನೋಡುವಾಗ ತೋಳು ಕತ್ತರಿಸುತ್ತಿರುವ ನನ್ನ ಕೈಯೂ ಕಂಡಿತು, ಇಲ್ಲದ್ದು ಕಂಡಿತೋ ಇದ್ದದ್ದು ಕಂಡಿತೋ, ಅಷ್ಟು ಜನ ಅಷ್ಟು ಮೆತ್ತಗೆ ಹೇಳಿದರೆ ತಲೆಯೂ ಅವರ ಪಕ್ಷ ಸೇರಿಬಿಡುತ್ತದೆ, ನನ್ನ ತಲೆ, ನನಗೆ ಉಳಿದಿರುವ ಒಂದೇ ನೆಟ್ಟಗಿನ ವಸ್ತು, ಅದನ್ನೂ ಕಿತ್ತುಕೊಳ್ಳುತ್ತಿದ್ದಾರೆ, ಹೆದರಿಕೆಯಾಗುತ್ತಿದೆ. ಬೆಳಕು ಚುಚ್ಚುತ್ತಿದೆ, ಕಣ್ಣಿನ ಮೇಲೆ ಏನಾದರೂ ಹಾಕಿಕೊಳ್ಳಬೇಕು, ತಲೆಯಡಿಯ ಕಟ್ಟಿನ ದಾರ ಬಿಚ್ಚಿ ಮೇಲಿನ ತೋಳೊಂದನ್ನು ಎಳೆದುಕೊಂಡೆ, ಮುಖದ ಹತ್ತಿರ ತಂದೆ, ಅಂಚಿನಲ್ಲಿ ಏನೋ ನೀಲಿ. ಗರಗಸದ ಚೂರಿರಬೇಕು, ಅದಕ್ಕೂ ಬಣ್ಣ ಇರುತ್ತದೆ ಕೆಲವು ಸಲ, ಹಳದಿ, ನೀಲಿ, ನಂಬಬಾರದು, ನಿನ್ನ ಕಣ್ಣು ತಾನೇ ಎನ್ನುತ್ತಾರೆ, ತಡಿ, ಬಟ್ಟೆಯನ್ನು ಎಡಕ್ಕೆ ಸರಿಸಿದೆ, ಗರಗಸ ಇದ್ದಲ್ಲೇ ಇತ್ತು, ನೀಲಿ ಎಡಕ್ಕೆ ಹೋಯಿತು, ಬಲಕ್ಕೆ ಸರಿಸಿದೆ, ಬಲಕ್ಕೆ ಬಂತು, ಬಟ್ಟೆಯ ಜೊತೆ ಬರುತ್ತಿದೆ, ಬಟ್ಟೆಯದ್ದೇ ಅದು, ಬಲಗೈ ಉಗುರಿನಿಂದ ಸವರಿದೆ, ಸಣ್ಣ ಕೊರೆತ ಸಿಕ್ಕಿತು, ಬಾಲ್‌ಪೆನ್ನು, ಒತ್ತಿ ಎಳೆದದ್ದು, ಕತ್ತರಿಸುವ ಯಂತ್ರದ ಚಾಕು ಗೆರೆ ಹಿಡಿಯದೆ ಒಂದೆಳೆ ಆಚೆ ಓಡಿದೆ, ಹಾಗಾಗಿ ಗೆರೆ ಈಚೆ ತುಂಡಿನಲ್ಲೇ ಉಳಿದಿದೆ, ನಾನು ಜನ್ಮದಲ್ಲಿ ಬಟ್ಟೆಗೆ ಪೆನ್ನು ತಾಗಿಸಿದವಳಲ್ಲ, ಚಾಕ್, ಚಪ್ಪಟೆ ಬಿಳಿ ಚಾಕ್, ಪೆನ್ನು ಮುಟ್ಟಿಸಿದವರಿಗೆ ಗದರಿಸಿದ್ದೇನೆ, ಅದರಲ್ಲೂ ಒಬ್ಬರಿಗೆ, ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡು ಓಡಾಡುವ ಒಬ್ಬರಿಗೆ, ಅಯ್ಯೋ ಬಿಡಿ ಮಾಸ್ಟ್ರೇ ಚಾಕ್ ಎಲ್ಲಿ ಹುಡುಕೋದು, ಎಂದು ನಕ್ಕಿದ್ದರು. ಗುರುವಾರ ಅವಸರ ಇತ್ತು, ನಾನು ಸ್ಕ್ಯಾನಿನ ಕೊಳವೆಯೊಳಗೆ ಅಲ್ಲಾಡದೆ ಮಲಗಿದ್ದೆ, ಕಿವಿಗೆ ಡಬಡಬ ಬಡಿಯುತ್ತಿತ್ತು, ಇಲ್ಲಿ ಇವರು ನನ್ನ ಮೇಜಿನ ಮೇಲೆ ಬಗ್ಗಿ ಎರಡು ಸಲ ಎಳೆದರು, ಮಗುಚಲಿಲ್ಲ. ತಪ್ಪು ಮಾಡುವುದು ದೊಡ್ಡದಲ್ಲ, ನಾನೂ ಮಾಡಿದ್ದೇನೆ, ಹೇಳಿದ್ದರೆ ನಕ್ಕು ಬಿಡುತ್ತಿದ್ದೆ, ಇವರು ಅದನ್ನು ತಂದು ನನ್ನ ತಲೆಯೊಳಗೆ ಇಟ್ಟರು.

ಗರಗಸ ಅಂಚಿಗೆ ಸರಿದಿದೆ, ಎಂಟು, ಒಂಬತ್ತು, ಹತ್ತು, ಗಡಿಯಾರದ ಅಂಕಿಗಳು ಒಂದೊಂದೇ ಬರುತ್ತಿವೆ, ಸುತ್ತಿಗೆಯೂ ಬಂತು, ಬರಲಿ, ತೋಳನ್ನು ಮತ್ತೆ ನೋಡಿದೆ, ಮಿಣಮಿಣ ಹೋದ ಮೇಲೂ ಇದೆ. ಬಾಗಿಲು ತೆರೆಯಿತು, ಬೆಳಕು ಮೊಳೆಯ ಹಾಗೆ ನುಗ್ಗಿತು, ಪುಟ್ಟಿ, ಏಳು, ಆಟೋ ಬಂದಿದೆ, ಅಣ್ಣ, ಹಿಂದೆ ಮಾಲೀಕರು, ನಿಧಾನಮ್ಮ, ನಿಧಾನ, ಎದ್ದು ಕೂತೆ, ಗೋಡೆ ಒಂದು ಸುತ್ತು ಹೊಡೆದು ನಿಂತಿತು, ಹಲ್ಲು ಕಚ್ಚಿ ತೋಳನ್ನು ಮಾಲೀಕರ ಮುಂದೆ ಚಾಚಿದೆ, ಇದ್ಯಾರ ಗೆರೆ ಸಾರ್, ಎಂದೆ, ನನ್ನ ದನಿ ನನಗೇ ಸುತ್ತಿಗೆಯ ಮೇಲೆ ಸುತ್ತಿಗೆ, ಯಾವ ಗೆರೆ, ಎಂದರು, ಕಣ್ಣು ಮಂಜಾಗಿದೆ ನಿಂಗೆ, ಮೊದ್ಲು ಮನೆಗೆ ಹೋಗಿ ಮಲಕ್ಕೊ, ಎಂದರು, ಅಣ್ಣನೂ, ಹೌದು ಕಣೆ, ನಡಿ, ಎಂದ, ಕೈ ಹಿಡಿದ, ಬಿಡಿಸಿಕೊಂಡೆ, ನನ್ನ ಕಣ್ಣು ಬೇಡ ಅಣ್ಣ, ನಿನ್ನ ಕಣ್ಣಲ್ಲಿ ನೋಡು, ಎಂದೆ, ಅಣ್ಣ ಬಗ್ಗಿದ, ಕನ್ನಡಕ ಹಣೆಗೇರಿಸಿ ನೋಡಿದ, ಇದೆಯಲ್ಲ, ಪೆನ್ನಿಂದು, ಏನಿದು, ಎಂದ. ಮಾಲೀಕರು ನಕ್ಕರು, ಏನಿಲ್ಲ ಸಾರ್, ಕೊಳೆ, ಗೋದಾಮಲ್ಲಿ ಎಲ್ಲಾ ಕೊಳೇನೇ, ಎಂದು ತೋಳನ್ನು ತಮ್ಮ ಕೈಗೆ ತೆಗೆದುಕೊಂಡರು, ಹೆಬ್ಬೆರಳು ನಾಲಿಗೆಗೆ ಮುಟ್ಟಿಸಿದರು, ಉಜ್ಜಿದರು — ಉಜ್ಜಿದರು ಏನು ಬಂತು, ಉಜ್ಜಿದ, ಇವನಿಗೆ ಇನ್ನೆಂಥ ಬಹುವಚನ — ಮತ್ತೆ ನಾಲಿಗೆಗೆ ಮುಟ್ಟಿಸಿದ, ಮತ್ತೆ ಉಜ್ಜಿದ, ಅಣ್ಣ ಬೆರಳು ನೋಡುತ್ತಾನೆ, ಆಮೇಲೆ ಮಾಲೀಕನ ಕಿವಿಯ ಮೇಲಿನ ಪೆನ್ನು ನೋಡುತ್ತಾನೆ, ಯಂತ್ರಗಳ ಗುರ್ರೆನ್ನುವಿಕೆ ಒಂದೊಂದಾಗಿ ನಿಲ್ಲುತ್ತಿದೆ, ಬಾಗಿಲಲ್ಲಿ ಹೊಲಿಯುವವರ ಮುಖಗಳು, ಗುರುವಾರ ನಾನು ಇರಲಿಲ್ಲ, ನಾನಲ್ಲ, ನನ್ನ ತಲೆ ಸರಿಯಿದೆ, ಒಡೆದು ಹೋಗುತ್ತಿದೆ, ಸರಿಯಿದೆ, ಅವನು ಇನ್ನೂ ಉಜ್ಜುತ್ತಿದ್ದಾನೆ, ಒದ್ದೆ ಹೆಬ್ಬೆರಳು, ಬೂದು ಬಟ್ಟೆ, ಬಟ್ಟೆ ಒದ್ದೆಯಾಗುತ್ತಿದೆ, ನೀಲಿ ಗೆರೆ ಹೋಗುತ್ತಿಲ್ಲ, ಹೆಬ್ಬೆರಳು, ನೀಲಿ ಗೆರೆ, ಮತ್ತೆ ಹೆಬ್ಬೆರಳು, ನೀಲಿ ಗೆರೆ —